ದನಿ ಯಾರದೋ ರೊಟ್ಟಿ ಅವರಿಗೆ

ಅಂಚು ಸೀದ ಜೋಳದ ರೊಟ್ಟಿಯ ವಾಸನೆ ಬಂದರೆ ನನಗೆ ಇವತ್ತಿಗೂ ಮೊದಲು ಹಸಿವಾಗುವುದಿಲ್ಲ, ಗಾಬರಿಯಾಗುತ್ತದೆ. ನಿಮ್ಮ ಮನೆಯಲ್ಲಿ ಹೇಗಿತ್ತೋ ಏನೋ, ಯಾದಗಿರಿ ಕಡೆಯ ಸಗರದ ನಮ್ಮ ಮನೆಯಲ್ಲಂತೂ ಮಕ್ಕಳಿಗೆ ರೊಟ್ಟಿ ಪುಕ್ಕಟೆ ಸಿಗುತ್ತಿರಲಿಲ್ಲ. ಒಲೆಯ ಮುಂದೆ ಕೂತ ಆಯಿ, ನಮ್ಮಪ್ಪನ ತಾಯಿ, ರೊಟ್ಟಿ ಬಡಿಯುವ ತಾಳಕ್ಕೆ ತಾನೇ ಮೊದಲು ಶುರು ಮಾಡುತ್ತಿದ್ದಳು: "ತಟ್ಟಿದರ ರೊಟ್ಟಿ, ಬಿಟ್ಟರ ಮುದ್ದಿ, ಸುಮ್ನ ಕುಂತರ ಸುಡತೈತಿ ಬುದ್ಧಿ." ಆಮೇಲೆ ನಮ್ಮ ಸರದಿ. ಅವತ್ತು ಕಣ್ಣಿಗೆ ಬಿದ್ದದ್ದರ ಮೇಲೆ ಹಾಡು ಕಟ್ಟಿದವರ ತಾಟಿಗೆ ಬಿಸಿ ರೊಟ್ಟಿ. ಅಕ್ಕ ಜಾಣೆ. "ಎಮ್ಮಿ ಬಾಲ ಬೀಸತೈತಿ, ನೊಣಕ್ಕ ಜೋಕಾಲಿ ಆಗೈತಿ" ಎಂದು ಹಾಡಿ, ಬೆಣ್ಣೆ ಹಚ್ಚಿದ ರೊಟ್ಟಿಯನ್ನು ನನ್ನ ಮುಖ ನೋಡುತ್ತಲೇ ನಿಧಾನವಾಗಿ ಮುರಿಯುತ್ತಿದ್ದಳು.

ನನಗೋ, ಹಾಡು ಹುಟ್ಟಿದರೂ ಬೇರೆಯವರ ಗಂಟಲಲ್ಲೇ ಹುಟ್ಟುತ್ತಿತ್ತು. ಶಹಾಪುರ ಬಸ್ಸಿನ ಕಂಡಕ್ಟರನ ಮೂಗಿನಲ್ಲಿ ಒಂದು, ಕಾಕಾನ ಸೀನುಗಳ ನಡುವೆ ಇನ್ನೊಂದು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ಆಯಿಯೂ. ರೊಟ್ಟಿ ಮಾತ್ರ ಅವಳ ಕೈ ಬಿಡುತ್ತಿರಲಿಲ್ಲ. "ಕದ್ದ ದನಿ ಬ್ಯಾಡೊ ಮಂಗ್ಯಾ, ನಿನ್ನ ದನ್ಯಾಗ ಹಾಡು." ಒಂದು ದಿನ ಹಿತ್ತಲಿನ ಟಗರಿನ ದನಿಯಲ್ಲಿ ಹಾಡಿದೆ. ಎಷ್ಟು ಚೆನ್ನಾಗಿತ್ತೆಂದರೆ ಹೊರಗಿನಿಂದ ಟಗರೇ ಉತ್ತರ ಕೊಟ್ಟಿತು. "ಹಾಡಿದ್ದು ಟಗರು, ರೊಟ್ಟೀನೂ ಟಗರಿಗೇ" ಎಂದು ಆಯಿ ನನ್ನ ರೊಟ್ಟಿಯನ್ನು ಒಯ್ದು ಅದರ ಬಾಯಿಗಿಟ್ಟಳು. ಅದು ಚೂರೂ ನಾಚದೆ ತಿಂದಿತು. ನಾನು ಹೋ ಎಂದು ಅತ್ತೆ. "ಹಾಂ, ಇದು ನಿಂದೇ ದನಿ ನೋಡು" ಎಂದು ಆಯಿ ಇನ್ನೊಂದು ರೊಟ್ಟಿ ಕೊಟ್ಟಳು.

ಆಯಿ ಹೋಗಿ ವರ್ಷಗಳಾದವು. ಒಲೆಯಿದ್ದ ಜಾಗದಲ್ಲಿ ಈಗ ಸಿಲಿಂಡರ್ ಕೂತಿದೆ. ಅದಕ್ಕೆ ಬುಸ್ ಎನ್ನುವುದು ಬಿಟ್ಟು ಬೇರೆ ಹಾಡು ಬರುವುದಿಲ್ಲ. ಮೊನ್ನೆ ರಜೆಗೆ ಬಂದ ಅಕ್ಕನ ಮಕ್ಕಳಿಗೆ ಆಯಿಯ ಕಾಯಿದೆಯನ್ನೆಲ್ಲ ವಿವರಿಸಿ, ನಾನೇ ರೊಟ್ಟಿ ಬಡಿದೆ. ಅಂದರೆ, ಯಾದಗಿರಿ ಜಿಲ್ಲೆಯ ನಕ್ಷೆಯಂಥದ್ದೇನನ್ನೋ ಬಡಿದೆ. ಐದು ವರ್ಷದ ಗೌರಿ ತಡಮಾಡಲಿಲ್ಲ: "ಮಾಮಾನ ರೊಟ್ಟಿಗಿ ಮೂರು ಕೋಡು, ಹಿಡಿಯಾಕ ಬಂದ್ರ ಓಡು ಓಡು!" ರೊಟ್ಟಿ ಗೆದ್ದವಳೇ ನನ್ನತ್ತ ತಿರುಗಿದಳು. "ಈಗ ನೀ ಹಾಡು. ನಿನ್ನ ದನ್ಯಾಗ."

ಸುಟ್ಟ ಬೆರಳನ್ನು ನೋಡಿಕೊಂಡು ಹಾಡಿದೆ: "ಒಲಿ ಹೋತು, ಬೂದಿ ಹೋತು, ಬೆಂಕಿ ನೆನಪು ಬೆರಳಿಗುಳೀತು." ದೇವರಾಣೆ, ಯಾರನ್ನೂ ಅಣಕಿಸಿರಲಿಲ್ಲ. ಗೌರಿ ಅಗಿಯುವುದನ್ನು ನಿಲ್ಲಿಸಿದಳು.

"ಇದು ನಿನ್ನ ದನಿ ಅಲ್ಲ ಮಾಮಾ. ಯಾವ ಮುದುಕೀದು?"

ನನ್ನ ತಾಟಿನ ರೊಟ್ಟಿ ಆಗಲೇ ಅವಳ ಕೈಯಲ್ಲಿತ್ತು. "ಎಲ್ಲದಾಳ ಅಕಿ? ಕೊಟ್ಟು ಬರ್ತೀನಿ."

ಸಿಲಿಂಡರಿನ ಪಕ್ಕ, ಆಯಿ ಕೂರುತ್ತಿದ್ದ ಖಾಲಿ ನೆಲ ತೋರಿಸಿದೆ. ಅವಳು ರೊಟ್ಟಿಯನ್ನು ಅಲ್ಲಿ ಜೋಪಾನವಾಗಿ ಇಟ್ಟು ಬಂದಳು. ನನ್ನ ತಾಟು ಖಾಲಿಯೇ ಉಳಿಯಿತು. ಅತ್ತಿದ್ದರೆ ಇನ್ನೊಂದು ಸಿಗುತ್ತಿತ್ತೇನೋ.