ಇನ್ನೂರ ಇಪ್ಪತ್ತೊಂದು ಜೇಬುಗಳು

ತುಂಡಕ್ಕನ ಹತ್ತಿರ ಹೊದಿಕೆ ಹೊಲಿಸೋಕೆ ಹೋದರೆ ಆಕೆ ಮೊದಲು ಕೇಳೋದು ಬಣ್ಣ ಅಲ್ಲ, ಅಳತೆಯೂ ಅಲ್ಲ. "ಎಷ್ಟು ತುಂಡು ತಂದಿದ್ದೀರಿ?" ಅಂತ. "ಒಂದು ಐವತ್ತು ಅರವತ್ತು ಇರಬಹುದು" ಅಂದಿರೋ, ಕೆಟ್ಟಿರಿ. "ಇರಬಹುದು ಅಂದರೆ ನನ್ನ ಸೂಜಿ ಓಡಲ್ಲ ಕಣ್ರೀ" ಅಂತ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿ ಎಣಿಸ್ತಾಳೆ. ಒಮ್ಮೆ ಬ್ಯಾಂಕ್ ಮ್ಯಾನೇಜರನ್ನೇ ಕೂರಿಸಿ ಎಣಿಸಿದ್ದಳು. ಪಾಪ, ಆತ ಮೂರು ಸಲ ತಪ್ಪಿ ನಾಲ್ಕನೇ ಸಲಕ್ಕೆ ಸರಿ ಮಾಡಿದ.

ಹಳೇ ಬಟ್ಟೆಯನ್ನು ಚೌಕ ಚೌಕವಾಗಿ ಕತ್ತರಿಸಿ, ಸಾಲಾಗಿ ಜೋಡಿಸಿ, ಕೆಳಗೊಂದು ದಪ್ಪ ಬಟ್ಟೆ ಕೊಟ್ಟು ಹೊದಿಕೆ ಹೊಲಿಯೋದು ಆಕೆಯ ಕಸುಬು. ಅಮ್ಮನಿಂದ ಬಂದದ್ದು. ಅಮ್ಮ ಕಸುಬಿನ ಜೊತೆಗೆ ಒಂದು ಹಟವನ್ನೂ ಕೊಟ್ಟು ಹೋಗಿದ್ದಳು: ಕೊಟ್ಟ ತುಂಡು ಒಂದೂ ಮಿಗಬಾರದು, ಕೊಡದ ತುಂಡು ಒಂದೂ ಸೇರಬಾರದು. ಮದುಮಗಳ ಲಂಗದ ತುಂಡು ಇರುತ್ತೆ, ತೀರಿಹೋದ ಅಜ್ಜನ ಅಂಗಿಯದಿರುತ್ತೆ. ಅವುಗಳ ನಡುವೆ ಅಂಗಡಿಯಿಂದ ತಂದ ಯಾವುದೋ ಬಟ್ಟೆ ತೂರಿಸಿದರೆ ಅದು ಹೊದಿಕೆಯೇ ಅಲ್ಲ, ಬರೀ ತೇಪೆ ಅನ್ನೋದು ಆ ತಾಯಿಯ ವಾದ. ಮಗಳದ್ದೂ ಅದೇ.

ಹಾಗಾಗಿ ಹೊಲಿಗೆಗಿಂತ ಮುಂಚೆ ಲೆಕ್ಕ. ಅರವತ್ತು ತುಂಡು ಬಂತು ಅನ್ನಿ. ಎರಡೆರಡು ಜೋಡಿಸಿದರೆ ಮೂವತ್ತು ಸಾಲು. ಮೂರು ಮೂರಾದರೆ ಇಪ್ಪತ್ತು, ನಾಲ್ಕಾದರೆ ಹದಿನೈದು, ಐದಾದರೆ ಹನ್ನೆರಡು, ಆರಾದರೆ ಹತ್ತು. ಇವನ್ನೆಲ್ಲ ತುಂಡಕ್ಕ ಸೀಮೆಸುಣ್ಣದಲ್ಲಿ ನೆಲದ ಮೇಲೆ ಜೋಡಿ ಜೋಡಿಯಾಗಿ ಬರೀತಾಳೆ, ಎಡಕ್ಕೆ ಚಿಕ್ಕದು, ಬಲಕ್ಕೆ ಅದರ ಜೊತೆಗಾರ. ಚಿಕ್ಕದು ಏರ್ತಾ ಹೋದ ಹಾಗೆ ದೊಡ್ಡದು ಇಳೀತಾ ಬರುತ್ತೆ. ಎರಡೂ ಹತ್ತಿರ ಬಂದ ಮೇಲೆ ಮುಂದೆ ಹುಡುಕೋದು ದಂಡ, ಅದೇ ಜೋಡಿಗಳು ಉಲ್ಟಾ ಬರ್ತವೆ ಅಷ್ಟೇ. ಆರು ಅಗಲ, ಹತ್ತು ಉದ್ದ ಅಂತ ಆಕೆ ಗುರುತು ಹಾಕಿ ದಾರ ಪೋಣಿಸ್ತಾಳೆ. ಒಮ್ಮೆ ಶಾಲೆಯ ಮೇಡಂ ಒಬ್ಬರು ಇದನ್ನು ನೋಡಿ, "ಇದು ಅಪವರ್ತನ ಕಂಡುಹಿಡಿಯೋದು, ನಾವು ಮಕ್ಕಳಿಗೆ ಕಲಿಸ್ತೀವಿ" ಅಂದರು. "ಅಯ್ಯೋ, ಇಷ್ಟಕ್ಕೆ ಅಷ್ಟುದ್ದದ ಹೆಸರಾ!" ಅಂತ ತುಂಡಕ್ಕ ಬಿದ್ದು ಬಿದ್ದು ನಕ್ಕಿದ್ದಳು. ಆಕೆಯ ಮಾತಲ್ಲಿ ಸಂಖ್ಯೆ ಒಂದೋ ಒಡೆಯುತ್ತೆ, ಇಲ್ಲ ಒಡೆಯಲ್ಲ. ಅರವತ್ತು ಒಳ್ಳೇ ಸಂಖ್ಯೆ, ಹೇಗೆ ಬೇಕಾದರೂ ಒಡೆಯುತ್ತೆ. ಅರವತ್ತೊಂದು ಜಪ್ಪಯ್ಯ ಅಂದರೂ ಒಡೆಯಲ್ಲ. ಅಂಥದ್ದು ತಂದವರನ್ನು "ಹೋಗಿ, ಇನ್ನೊಂದು ಹಳೇ ಲಂಗ ಹುಡುಕಿ ತನ್ನಿ" ಅಂತ ಮನೆಗೆ ಅಟ್ಟುತ್ತಾಳೆ.

ಇದರಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ತುಂಡು ಅಂದರೆ ಒಂದು ಗೇಣು. ಗಂಡ ಹೆಂಡತಿ ಮಧ್ಯೆ ಇಬ್ಬರು ಮಕ್ಕಳನ್ನು ಮಲಗಿಸಿಕೊಂಡರೂ ಹನ್ನೆರಡು ಗೇಣು ಅಗಲ ಧಾರಾಳ ಸಾಕಾಗುತ್ತೆ. ಆದ್ದರಿಂದ ಹನ್ನೆರಡರವರೆಗೆ ಒಡೆದು ನೋಡು, ಆಮೇಲೆ ಕೈಬಿಡು ಅಂತ ಅಮ್ಮ ಹೇಳಿದ್ದಳು. ತುಂಡಕ್ಕ ಮೂವತ್ತು ವರ್ಷ ಹನ್ನೆರಡರ ಆಚೆ ಇಣುಕಿ ನೋಡಿದವಳಲ್ಲ, ನೋಡೋ ಪ್ರಮೇಯವೂ ಬಂದಿರಲಿಲ್ಲ.

ಆಕೆಯ ಗಂಡ ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳೋನು. ಎಲ್ಲರಿಗೂ ಬಾಯ್ಲರಣ್ಣ. ಮಾತು ಬಲು ಕಮ್ಮಿ. ಆಡಿದ್ದು ಒಂದೇ ಒಂದು ಮಾತು, ಅದೂ ಒಂಬತ್ತು ವರ್ಷದ ಹಿಂದೆ, ಕೆಟ್ಟ ಗಳಿಗೆಯಲ್ಲಿ. ಕಾರ್ಖಾನೆಯ ಕ್ಯಾಂಟೀನಲ್ಲಿ ಅಡುಗೆ ಮಾಡೋ ಹೆಂಗಸಿಗೆ ಎಲ್ಲರೂ ಕ್ಯಾಂಟೀನಮ್ಮ ಅಂತಾರೆ. ಅವತ್ತು ಊಟದ ಹೊತ್ತಲ್ಲಿ, ಇಡೀ ಹಾಲ್ ತುಂಬಿದ್ದಾಗ, ಈತ ತಟ್ಟೆ ತಳ್ಳಿ, "ಇದನ್ನ ಮನುಷ್ಯರು ತಿಂತಾರಾ?" ಅಂದುಬಿಟ್ಟ. ಆಕೆಯೇನು ಬಿಡೋಳಾ? "ನಾಳೆಯಿಂದ ನಿನ್ನ ಹೆಂಡತಿ ಕೈಲಿ ಕಟ್ಟಿಸಿಕೊಂಡು ಬಾರಪ್ಪಾ!" ಅಂದಳು. ಸಂಜೆ ಮನೆಗೆ ಬರೋ ಹೊತ್ತಿಗೆ ಬಾಯ್ಲರಣ್ಣನಿಗೆ ಮೈ ಕೆಂಡದಂಥ ಜ್ವರ. ಕೆಟ್ಟಿದ್ದು ಅಡುಗೆ ಅಲ್ಲ, ನಾಲಗೆ. ಅದು ಅವನಿಗೂ ಗೊತ್ತಾಯ್ತು. ಆದರೆ ಹೋಗಿ ತಪ್ಪಾಯ್ತು ಅನ್ನೋಕೆ ಬಾಯಿ ಬರಬೇಕಲ್ಲ! ಒಂಬತ್ತು ವರ್ಷ ಒಬ್ಬನೇ ಬಾಯ್ಲರ್ ಪಕ್ಕ ಕೂತು ಮನೆಯ ಊಟ ಉಂಡ. ಕಟ್ಟಿಕೊಡೋಕೆ ಬೆಳಗಾಗೆದ್ದು ಒದ್ದಾಡಿದವಳು ತುಂಡಕ್ಕ. ಅದನ್ನು ಯಾರು ಕೇಳಬೇಕು.

ಈಗ ಕ್ಯಾಂಟೀನಮ್ಮನಿಗೆ ನಿವೃತ್ತಿ. ಅವಳಿಗೆ ತುಂಡಕ್ಕನ ಕೈಲಿ ಒಂದು ಹೊದಿಕೆ ಹೊಲಿಸಿ ಕೊಡೋಣ ಅಂತ ಕಾರ್ಖಾನೆಯವರು ನಿರ್ಧರಿಸಿದರು. ಪ್ರತಿಯೊಬ್ಬರೂ ತಮ್ಮ ಹಳೇ ನೀಲಿ ಯೂನಿಫಾರಂ ಅಂಗಿಯ ಜೇಬು ಕಿತ್ತು ಕೊಡೋದು. ಉಗ್ರಾಣ ನೋಡಿಕೊಳ್ಳೋ ಸ್ಟೋರಣ್ಣ ಅವನ್ನೆಲ್ಲ ರಟ್ಟಿನ ಅಚ್ಚಿಟ್ಟು ಐದೈದು ಅಂಗುಲಕ್ಕೆ ಕತ್ತರಿಸಿದ. ಕೊನೆಯ ದಿನ, ಎಲ್ಲರೂ ಕೊಟ್ಟಾದ ಮೇಲೆ, ಬಾಯ್ಲರಣ್ಣ ಬಂದು ತನ್ನದನ್ನು ಮೇಜಿನ ಮೇಲಿಟ್ಟು ಒಂದು ಮಾತೂ ಆಡದೆ ಹೋದ. ಕಿಡಿ ಸಿಡಿದು ಎರಡು ಸಣ್ಣ ತೂತು ಬಿದ್ದ ಜೇಬು. ಸಂಜೆ ಚೀಲ ಹೊತ್ತು ಮನೆಗೆ ಬಂದ ಸ್ಟೋರಣ್ಣ ಅದನ್ನು ಹೇಳಿದಾಗ ತುಂಡಕ್ಕನ ಕಣ್ಣು ತುಂಬಿ ಬಂತು. ಅವಳ ಗಂಡ ತಪ್ಪಾಯ್ತು ಅಂದಿದ್ದ. ಅವನಿಗೆ ಬರೋದು ಹಾಗೇ.

ಸ್ಟೋರಣ್ಣ ಚೀಲ ಕೆಳಗಿಟ್ಟು ಬೆಂಚಿನ ಮೇಲೆ ಕೂತು, "ಎಣಿಸೇ ತಂದಿದ್ದೀನಿ ಅಕ್ಕಾ. ಇನ್ನೂರ ಇಪ್ಪತ್ತೊಂದು" ಅಂದ.

ತುಂಡಕ್ಕ ಸೀಮೆಸುಣ್ಣ ಹಿಡಿದು ನೆಲಕ್ಕೆ ಕೂತಳು. ಬೆಸ ಸಂಖ್ಯೆ, ಎರಡು, ನಾಲ್ಕು, ಆರು ಯಾವುದೂ ಇಲ್ಲ. ಮೂರಕ್ಕೆ ಎರಡು ಮಿಕ್ಕಿತು. ಮೂರೇ ಆಗದ ಮೇಲೆ ಒಂಬತ್ತೆಲ್ಲಿ. ಐದಕ್ಕೆ ಒಂದು ಮಿಕ್ಕಿತು. ಏಳಕ್ಕೆ ನಾಲ್ಕು. ಹನ್ನೊಂದಕ್ಕೆ ಬಂದಾಗ ಹನ್ನೊಂದಿಪ್ಪತ್ತಲಿ ಇನ್ನೂರ ಇಪ್ಪತ್ತು, ಒಂದೇ ಒಂದು ಮಿಕ್ಕಿತು. ಹನ್ನೆರಡೂ ಆಗಲಿಲ್ಲ.

"ಒಡೆಯಲ್ಲ" ಅಂದಳು. "ಇನ್ನೊಂದಷ್ಟು ಜೇಬು ತನ್ನಿ."

"ಎಲ್ಲಿಂದ ತರಲಕ್ಕಾ? ಇರೋರೇ ಇಷ್ಟು ಜನ. ಯಾರಾದರೂ ಎರಡು ಕೊಟ್ಟರೆ ಉಳಿದೋರು ಸುಮ್ಮನಿರ್ತಾರಾ? ನನ್ನ ಚರ್ಮ ಸುಲೀತಾರೆ." ಸ್ಟೋರಣ್ಣ ತಲೆ ಕೆರೆದುಕೊಂಡ. ಆಮೇಲೆ ಮೆಲ್ಲಗೆ, "ಒಂದನ್ನ ಬಿಟ್ಟರೆ ಹನ್ನೊಂದರ ಇಪ್ಪತ್ತು ಸಾಲಾಗುತ್ತಲ್ಲ. ಬೇರೆ ಯಾರದ್ದು ಬಿಟ್ಟರೂ ರಂಪ. ಬಾಯ್ಲರಣ್ಣಂದು ಬಿಟ್ಟರೆ ಮನೆಯ ಮಾತು, ಮನೇಲೇ ಮುಗಿಯುತ್ತೆ. ಹೇಗೂ ಅವರಿಗೂ ಕ್ಯಾಂಟೀನಮ್ಮನಿಗೂ ಮಾತಿಲ್ಲ" ಅಂದ.

ತುಂಡಕ್ಕನಿಗೆ ಮೈಯೆಲ್ಲ ಉರಿದುಹೋಯ್ತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ನೋಡಿದಳು. ಬಾಯ್ಲರಣ್ಣ ಗೋಡೆ ನೋಡ್ತಾ, "ಬಿಡೇ. ಒಂದು ಜೇಬಿಗೆ ಏನೀಗ" ಅಂದು ಒಳಗೆ ಹೋದ. ಏನೀಗ ಅಂತೆ! ಒಳಗೆ ಲೋಟ ನೆಲಕ್ಕೆ ಬಿದ್ದ ಸದ್ದು, ಎತ್ತಿಟ್ಟ ಸದ್ದು, ಮತ್ತೆ ಬಿದ್ದ ಸದ್ದು ಕೇಳಿಸ್ತು.

ಹೊದಿಕೆ ಕೊಡೋಕೆ ಹದಿನೈದು ದಿನ ಮಾತ್ರ ಇತ್ತು. ಎರಡು ದಿನ ತುಂಡಕ್ಕ ಸೂಜಿ ಮುಟ್ಟಲಿಲ್ಲ. ಭಾನುವಾರ ಮಧ್ಯಾಹ್ನ ಇನ್ನು ಬೇರೆ ದಾರಿಯಿಲ್ಲ ಅಂತ ಹಲ್ಲು ಕಚ್ಚಿಕೊಂಡು ತೂತಿನ ಜೇಬನ್ನು ಪಕ್ಕಕ್ಕಿಟ್ಟು, ಉಳಿದ ಇನ್ನೂರ ಇಪ್ಪತ್ತನ್ನು ಮಂಚದ ಮೇಲೆ ಹನ್ನೊಂದು ಹನ್ನೊಂದರಂತೆ ಹರಡಿದಳು. ಹರಡಿ ನೋಡಿದರೆ ವಿಚಿತ್ರ! ಮಂಚದ ಎರಡೂ ಅಂಚು ಬರಿದು, ಕಾಲ ಕಡೆ ಮಾತ್ರ ಮೂರು ನಾಲ್ಕು ಸಾಲು ಮಿಕ್ಕು ನೆಲಕ್ಕೆ ಜಾರ್ತಿವೆ. ಕ್ಯಾಂಟೀನಮ್ಮ ಮೈ ಕೈ ತುಂಬಿಕೊಂಡ ಹೆಂಗಸು. ಇದನ್ನು ಹೊದ್ದರೆ ಪಾದಕ್ಕೆ ಎರಡು ಸುತ್ತು, ಬೆನ್ನಿಗೆ ಏನೂ ಇಲ್ಲ.

"ಹನ್ನೊಂದು ಗೇಣು ಹೇಗೆ ಸಾಲಲ್ಲ?" ಅಂತ ಗಟ್ಟಿಯಾಗೇ ಅಂದಳು. ಅಂದವಳು ಹಾಗೇ ನಿಂತಳು. ಗೇಣು ಎಲ್ಲಿದೆ ಇಲ್ಲಿ? ಇವು ಐದಂಗುಲದ ಜೇಬು! ಹನ್ನೆರಡಕ್ಕೆ ನಿಲ್ಲು ಅಂತ ಅಮ್ಮ ಹೇಳಿದ್ದು ಗೇಣಿನ ತುಂಡಿಗೆ, ಮಂಚ ಅಲ್ಲಿಗೆ ಮುಗೀತಿತ್ತು ಅಂತ. ಸಂಖ್ಯೆ ಮುಗೀತಿತ್ತು ಅಂತ ಅಲ್ಲ.

"ಥೂ ನನ್ನ ಬುದ್ಧಿಗಿಷ್ಟು!" ಅಂತ ಹಣೆ ಚಚ್ಚಿಕೊಂಡು ಸೀಮೆಸುಣ್ಣ ಹುಡುಕಿದಳು. ಹಾಗಾದರೆ ಚಿಕ್ಕದೂ ದೊಡ್ಡದೂ ಸೇರೋದು ಎಲ್ಲಿ? ಹದಿನೈದು ಹದಿನೈದಲಿ ಇನ್ನೂರ ಇಪ್ಪತ್ತೈದು, ದಾಟಿ ಹೋಯ್ತು. ಅಂದರೆ ಹದಿನಾಲ್ಕರವರೆಗೆ ನೋಡಬೇಕಿತ್ತು. ತಾನು ಹನ್ನೆರಡಕ್ಕೇ ಬಾಗಿಲು ಹಾಕಿ ಕೂತಿದ್ದಳು! ಹದಿನಾಲ್ಕು ಸಮಸಂಖ್ಯೆ, ಆಗಲ್ಲ. ಉಳಿದಿದ್ದು ಒಂದೇ. ಹದಿಮೂರರ ಮಗ್ಗಿ ಆಕೆಗೆ ಯಾವ ಕಾಲಕ್ಕೂ ಬಂದಿರಲಿಲ್ಲ. ಹದಿಮೂರು ಹತ್ತಲಿ ನೂರ ಮೂವತ್ತು, ಅದು ಸುಲಭ. ಇನ್ನೂರ ಇಪ್ಪತ್ತೊಂದರಲ್ಲಿ ಅದನ್ನು ಕಳೆದರೆ ತೊಂಬತ್ತೊಂದು. ತೊಂಬತ್ತೊಂದರಲ್ಲಿ ಎಷ್ಟು ಹದಿಮೂರು? ಬೆರಳು ಮಡಚುತ್ತಾ ಕೂಡಿಸಿದಳು: ಹದಿಮೂರು, ಇಪ್ಪತ್ತಾರು, ಮೂವತ್ತೊಂಬತ್ತು, ಐವತ್ತೆರಡು, ಅರವತ್ತೈದು, ಎಪ್ಪತ್ತೆಂಟು... ತೊಂಬತ್ತೊಂದು. ಸರಿಯಾಗಿ ಏಳು. ಏನೂ ಮಿಗಲಿಲ್ಲ.

ಹತ್ತು ಮತ್ತೆ ಏಳು, ಹದಿನೇಳು. ಹದಿಮೂರು ಅಗಲ, ಹದಿನೇಳು ಉದ್ದ.

"ರೀ! ಒಡೀತು ಕಣ್ರೀ! ಒಡೀತು!" ಅಂತ ಕೂಗಿದಳು. ಹಿತ್ತಲಲ್ಲಿದ್ದ ಬಾಯ್ಲರಣ್ಣ ಪಾತ್ರೆ ಏನೋ ಒಡೀತು ಅಂತ ಓಡಿ ಬಂದ. ಹೆಂಡತಿ ಮಂಚದ ಮೇಲಿನದ್ದನ್ನೆಲ್ಲ ಬಾಚಿ ನೆಲಕ್ಕೆ ಸುರಿದು, ತೂತಿನ ಜೇಬು ಕೈಯಲ್ಲಿ ಹಿಡಿದು ಅಳ್ತಾ ನಗ್ತಾ ನಿಂತಿದ್ದಳು. "ನಿಮ್ಮದೂ ಸೇರುತ್ತೆ" ಅಂದಳು. ಆತ "ಹೂಂ" ಅಂದ. ಅಷ್ಟೇ ಅಂದ ಪುಣ್ಯಾತ್ಮ, ವಾಪಸ್ ಹೋದ. ಆಮೇಲಿನ ಹನ್ನೆರಡು ದಿನ ಆಕೆ ಹೊಲೀತಿದ್ದರೆ ಆ ಕಡೆ ತಲೆ ಹಾಕಲಿಲ್ಲ. "ಬಂದು ನೋಡಿ ಸ್ವಲ್ಪ" ಅಂದರೆ, "ನನಗೇನು ಗೊತ್ತಾಗುತ್ತೆ ಅದೆಲ್ಲ" ಅನ್ನೋನು. ತುಂಡಕ್ಕನಿಗೆ ಎಷ್ಟು ಕೋಪ ಬಂತು ಅಂದರೆ, ಅವನ ಜೇಬನ್ನು ಎಲ್ಲಿ ಹಾಕಿದೆ ಅಂತ ಬೇಕಂತಲೇ ಹೇಳಲಿಲ್ಲ.

ಬೀಳ್ಕೊಡುಗೆಯ ದಿನ ಕ್ಯಾಂಟೀನಿನ ಎರಡು ಉದ್ದನೆ ಮೇಜು ಕೂಡಿಸಿ ಹೊದಿಕೆ ಹರಡಿದರು. ನೀಲಿಯಲ್ಲಿ ಎಷ್ಟೊಂದು ನೀಲಿ! ಒಂದು ಹೊಸದು, ಒಂದು ತೊಳೆದು ತೊಳೆದು ಬೂದಿಯಂತಾದದ್ದು. "ಇದು ನಂದು", "ಏಯ್, ಅದು ನಂದು ಕಣೋ" ಅಂತ ಒಂದೇ ಗದ್ದಲ. ಕ್ಯಾಂಟೀನಮ್ಮ ಸೆರಗಿನಲ್ಲಿ ಮೂಗೊರೆಸಿಕೊಳ್ತಾ, ನಗ್ತಾ, ಒಬ್ಬೊಬ್ಬರದ್ದನ್ನೂ ಮುಟ್ಟಿ ನೋಡಿದಳು. ಬಾಯ್ಲರಣ್ಣ ಬಾಗಿಲ ಹತ್ತಿರ, ಈಗ ಓಡಿಹೋಗ್ತೀನಿ ಅನ್ನೋ ಹಾಗೆ ನಿಂತಿದ್ದ. ಆಕೆಯ ಕಣ್ಣು ಅಲ್ಲಿಗೆ ಬಂದು ನಿಂತಿತು.

"ಏನಪ್ಪಾ, ನಿಂದೂ ಇದೆಯೋ ಇದರಲ್ಲಿ, ಇಲ್ಲವೋ?"

ಗಂಡನ ಪರವಾಗಿ ಉತ್ತರ ಕೊಟ್ಟೂ ಕೊಟ್ಟೂ ಅಭ್ಯಾಸವಾಗಿದ್ದ ತುಂಡಕ್ಕ ಇದೆ ಅನ್ನೋಕೆ ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಅಂದ:

"ಹದಿನಾಲ್ಕನೇ ಸಾಲು. ಎಡಗಡೆಯಿಂದ ಐದನೇದು."

ತುಂಡಕ್ಕ ತೆರೆದ ಬಾಯಿ ಹಾಗೇ ಇಟ್ಟುಕೊಂಡು ಗಂಡನನ್ನು ನೋಡಿದಳು. ತಾನು ನೀರಿಗೋ ಅಂಗಡಿಗೋ ಹೋದಾಗ ಈ ಮನುಷ್ಯ ಬಗ್ಗಿ ಕೂತು ಬೆರಳಿಟ್ಟು ಎಣಿಸಿದ್ದಾನೆ. ಎಷ್ಟು ಸಲ ಎಣಿಸಿದ್ದಾನೋ.

ಕ್ಯಾಂಟೀನಮ್ಮ ಮೇಲಿನಿಂದ ಒಂದೊಂದೇ ಸಾಲು ಎಣಿಸ್ತಾ ಬಂದಳು. ಹದಿನಾಲ್ಕಕ್ಕೆ ನಿಂತು, ಎಡದಿಂದ ಐದಕ್ಕೆ ಹೋಗಿ, ಎರಡು ತೂತಿನ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

"ತಪ್ಪಾಯ್ತಮ್ಮ" ಅಂದ ಬಾಯ್ಲರಣ್ಣ. ಎಲ್ಲರಿಗೂ ಕೇಳಿಸೋ ಹಾಗೆ.

"ಕೂತ್ಕೋ" ಅಂದಳು ಆಕೆ. "ಬಡಿಸ್ತೀನಿ."