ಅರ್ಧ ಒತ್ತಿದ ಆಕ್ಸಿಲರೇಟರ್

ಹೊಗೆ ತಪಾಸಣೆಗೆ ಕೊಪ್ಪಕ್ಕೆ ಜೀಪು ಒಯ್ಯುವ ಹಿಂದಿನ ದಿನ ನನಗೆ ಊಟ ಸೇರುತ್ತಿರಲಿಲ್ಲ. ಡೀಸೆಲ್ ಗಾಡಿಯ ಆಕ್ಸಿಲರೇಟರನ್ನು ತಳ ಮುಟ್ಟುವವರೆಗೆ ಒತ್ತಿ ಹೊಗೆ ಅಳೆಯಬೇಕು. ಹೊಗೆ ಕಡಿಮೆ ಬರಲೆಂದು ನಾನು ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ತಪಾಸಣೆಯವನು ಕಂಪ್ಯೂಟರಿನತ್ತ ತಿರುಗಿಕೊಂಡು, "ಸಾಕು ಮಾರಾಯ್ರೆ, ಪಾಸು," ಅನ್ನುತ್ತಿದ್ದ. ಶಾಲೆಯಲ್ಲಿ ಕಾಪಿ ಹೊಡೆಯಲೂ ಧೈರ್ಯವಿಲ್ಲದಿದ್ದ ನಾನು ಆ ಚೀಟಿಯನ್ನು ಜೀಪಿನಲ್ಲಿ ದೇವರ ಪಟದ ಪಕ್ಕ ಸಿಕ್ಕಿಸುತ್ತಿದ್ದೆ.

ಮುಂದೆ ಕೂತರೆ ತಿರುವುಗಳಿಗೆ ಹೆದರುವ ನನ್ನ ಹೆಂಡತಿ ಯಾವಾಗಲೂ ಹಿಂದೆ ಕೂರುತ್ತಿದ್ದಳು. ಶೃಂಗೇರಿ ಕಡೆಯ ಏರುಗಳಲ್ಲಿ ಟಾರ್ಪಾಲಿನ ಸಂದಿಯಿಂದ ಹೊಗೆ ಒಳಗೆ ನುಗ್ಗುತ್ತಿತ್ತು. ಅವಳು ಕೆಮ್ಮಿದರೆ ನಾನು, "ಧೂಳು," ಅನ್ನುತ್ತಿದ್ದೆ. ಜಗತ್ತಿನ ಎಲ್ಲದಕ್ಕೂ ಚಿಂತಿಸುವ ನಾನು ಅದೊಂದನ್ನು ಬಿಟ್ಟಿದ್ದೆ.

ಈ ವರ್ಷ ಡಾಕ್ಟರು ಅವಳಿಂದ ಕೊಳವೆ ಊದಿಸಿ ನೋಡಿದರು. ಹೋದ ಉಸಿರು ಪೂರ್ತಿ ಮರಳುವುದಿಲ್ಲ ಎಂದರು. ಮನೆಯಲ್ಲಿ ಹೊಗೆ ಇದೆಯಾ ಎಂದು ಕೇಳಿದರು.

"ನಮ್ಮಲ್ಲಿ ಗಾಳಿ ಕುಡಿಯೋಕೇ ಪೇಟೆಯಿಂದ ಜನ ಬರ್ತಾರೆ ಸಾರ್," ಅಂದೆ.

"ಮನೇಲಿಲ್ಲ, ಜೀಪಲ್ಲಿದೆ," ಅಂದಳು ಹೆಂಡತಿ.

ಮರುವಾರದ ತಪಾಸಣೆಯಲ್ಲಿ ಪೂರ್ತಿ ಒತ್ತಿದೆ. ಕರೀ ಹೊಗೆಯಲ್ಲಿ ತಪಾಸಣೆಯವನೇ ಕಾಣಲಿಲ್ಲ. "ಎಂತ ಮಾರಾಯ್ರೆ, ಫೇಲಾಗ್ಲಿಕ್ಕೇ ಬಂದ್ರಾ?" ಎಂಬ ಕೂಗು ಮಾತ್ರ ಕೇಳಿತು.

ಜೀಪನ್ನು ಅಲ್ಲೇ ಬಿಟ್ಟೆ. ಜೊತೆಗೆ ಬಂದಿದ್ದ ಹೆಂಡತಿ ದೂರದ ಅಂಗಡಿಯ ಮೆಟ್ಟಿಲಲ್ಲಿ ಮೂಗಿಗೆ ಸೆರಗು ಹಿಡಿದು ಕೂತಿದ್ದಳು. ಫೇಲಾಯಿತು ಎಂದೆ.

"ಇಷ್ಟು ವರ್ಷಕ್ಕೆ," ಎಂದು ಶುರುಮಾಡಿದಳು. ಉಳಿದ ಮಾತಿಗೆ ಉಸಿರು ಸಾಲಲಿಲ್ಲ. ಬಸ್‌ ಸ್ಟ್ಯಾಂಡಿನವರೆಗೆ ನಾಲ್ಕು ಕಡೆ ನಿಂತು ನಡೆದೆವು.