ಅನ್ಯಥಾ ಭಾವಿಸಬಾರದು

ನಮ್ಮ ಕಂಪ್ಯೂಟರ್ ಸಂಘದಲ್ಲಿ ಫೋನಿಗೆ ಅರ್ಥವಾಗುತ್ತಿದ್ದುದು ನನ್ನೊಬ್ಬಳ ಕನ್ನಡ. ಶಹಾಬಾದಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ದಕ್ಷಿಣದ ಕಡೆಯಿಂದ ಬಂದಿದ್ದ ಸಿಸ್ಟರುಗಳು ಕಲಿಸಿದ ಕನ್ನಡ ಇಸ್ತ್ರಿ ಮಾಡಿದ ಹಾಗೆ ನಾಲಿಗೆಯ ಮೇಲೆ ಕೂತುಬಿಟ್ಟಿತ್ತು. ಮದುವೆಯಾಗಿ ವಾಡಿಗೆ ಬಂದು ಇಷ್ಟು ವರ್ಷವಾದರೂ ಅದು ಮುದುರಲಿಲ್ಲ.

ಸಂಘವೆಂದರೆ ದೊಡ್ಡದೇನೂ ಇಲ್ಲ. ಸಮುದಾಯ ಭವನದ ಹಿಂದಿನ ಕೋಣೆ, ಎರಡು ಕಂಪ್ಯೂಟರು, ರೈಲ್ವೆಯಿಂದ ನಿವೃತ್ತರಾದ ಒಬ್ಬ ಸರ್, ಮತ್ತು ಶನಿವಾರ ಊಟದ ಪಾತ್ರೆ ತೊಳೆದಿಟ್ಟು ಬರುವ ನಾವು. ಸಿಮೆಂಟಿನ ಧೂಳು ಕೀಲಿಗಳ ನಡುವೆ ಕೂರದಿರಲೆಂದು ಕಂಪ್ಯೂಟರಿಗೆ ಹಳೆಯ ದಿಂಬಿನ ಚೀಲ ಹೊದಿಸುತ್ತಿದ್ದೆವು. ಒಂದರ ಮೇಲೆ ಯಾರೋ ಕೆಂಪು ದಾರದಲ್ಲಿ 'ಶುಭರಾತ್ರಿ' ಎಂದು ಕಸೂತಿ ಹಾಕಿದ್ದರು. ಅಲ್ಲಿಗೆ ಬರುತ್ತಿದ್ದ ತೊಂದರೆಗಳೂ ಮನೆಯವೇ. ಗ್ಯಾಸ್ ಬುಕ್ ಆಗುತ್ತಿಲ್ಲ, ಒಟಿಪಿ ಬರುವಷ್ಟರಲ್ಲಿ ಪರದೆ ಆರಿಹೋಗುತ್ತದೆ, ಮೊಮ್ಮಗ ಅಲ್ಲಿ ಇಲ್ಲಿ ಒತ್ತಿ ಫೋನೆಲ್ಲ ತೆಲುಗಾಗಿದೆ.

ಅಕ್ಷರ ಒತ್ತಲು ಕಷ್ಟಪಡುವವರಿಗೆ ಸರ್ ಒಂದು ಶನಿವಾರ ಮೈಕಿನ ಗುರುತು ತೋರಿಸಿದರು. ಮಾತಾಡಿದರೆ ಸಾಕು, ಫೋನೇ ಬರೆದುಕೊಳ್ಳುತ್ತದೆ ಎಂದರು. ಮೊದಲು ಮಾತಾಡಿದವಳು ನನ್ನ ಗೆಳತಿ. ನಮ್ಮ ಹಿಂದಿನ ಓಣಿಯವಳು, ನನ್ನನ್ನು ಸಂಘಕ್ಕೆ ಕರೆತಂದವಳೂ ಅವಳೇ. "ಅಡಿಗಿ ಮಾಡಾಕತ್ತೀನಿ, ಆಮ್ಯಾಗ ಬರ್ತೀನಿ" ಎಂದಳು. ಫೋನು ಬರೆಯಿತು: ಅಡಿಕೆ ಮಾಡ ಕತ್ತಿ ನೀ ಆಮೆ ಬರ್ತೀನಿ.

"ಕತ್ತಿ ಎಲ್ಲಿಂದ ಬಂತವ್ವ ಇದಕ್ಕ," ಎಂದಳು ಅವಳು. "ಮ್ಯಾಲ ಆಮಿ ಬ್ಯಾರೆ ಬರಾಕತ್ತದ."

"ನೀ ನಡಿಯೋ ನಮೂನಿ ನೋಡ್ಯಾದ ಅದು. ಖರೇನೇ ಬರದಾದ," ಎಂದರು ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು.

ಅದೇ ಮಾತನ್ನು ನಾನು ಹೇಳಿದಾಗ ಒಂದಕ್ಷರವೂ ತಪ್ಪಲಿಲ್ಲ. "ನೋಡ್ರಿ, ರೇಡಿಯೋ ಅಕ್ಕಾರ ಹೇಳಿದ್ರ ಹ್ಯಾಂಗ ಕೇಳ್ತದ. ನಾವು ಬೈದ್ರೂ ಕೇಳಲ್ಲ," ಎಂದು ಗೆಳತಿ ಎಲ್ಲರನ್ನೂ ನಗಿಸಿದಳು. ಅಂದಿನಿಂದ ಅದೇ ರೂಢಿಯಾಯಿತು. ತಮ್ಮ ಫೋನು ತಂದು ನನ್ನ ಬಾಯಿಯ ಮುಂದೆ ಹಿಡಿಯುವರು, ವಿಷಯವನ್ನು ಕಿವಿಯಲ್ಲಿ ಹೇಳುವರು, ನಾನು ಅದನ್ನು ಫೋನಿಗೆ ತಿಳಿಯುವ ಕನ್ನಡದಲ್ಲಿ ಹೇಳುವೆನು. ಬೀಗರಿಗೆ, ಶಾಲೆಯ ಟೀಚರಿಗೆ, ಕರೆಂಟಿನ ಆಫೀಸಿಗೆ. ಅವರ ಜಗಳವೂ ನನ್ನ ಬಾಯಿಂದ ಹೊರಟರೆ ವಿನಂತಿಯಂತೆ ಕೇಳಿಸುತ್ತಿತ್ತು.

ಚಿಂಚೋಳಿಯಲ್ಲಿರುವ ನನ್ನ ತಂಗಿಗೆ ಒಬ್ಬಳೇ ಮಗಳು. ಅವಳು ಡಿಗ್ರಿ ಓದಿದ್ದು ನನ್ನ ಮನೆಯಲ್ಲಿದ್ದುಕೊಂಡು. ವಾಡಿಯಿಂದ ಚಿತ್ತಾಪುರದ ಕಾಲೇಜಿಗೆ ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ನನಗೆ ಇಬ್ಬರೂ ಗಂಡುಮಕ್ಕಳು. ಬಳೆ ಕಳಚಿಟ್ಟು ರೊಟ್ಟಿ ಬಡಿಯುವ ಇನ್ನೊಂದು ಜೊತೆ ಕೈ ನನ್ನ ಅಡುಗೆಮನೆಯಲ್ಲಿ ಇದ್ದದ್ದು ಆ ವರ್ಷಗಳಲ್ಲಿ ಮಾತ್ರ. ಪರೀಕ್ಷೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಅವಳು ಬಚ್ಚಲ ಬಾಗಿಲಲ್ಲಿ ಎಚ್ಚರ ತಪ್ಪಿ ಬಿದ್ದಳು. ಕೈಕಾಲು ಸೆಟೆದವು. ಮೊಸರಿನ ಪಾತ್ರೆ ವಾಪಸು ಕೊಡಲು ಬಂದಿದ್ದ ಗೆಳತಿ ಅದನ್ನು ನೋಡಿದಳು. ಆಟೋ ಕರೆದು, ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದವಾಖಾನೆಯವರೆಗೂ ಬಂದವಳು ಅವಳೇ. ಡಾಕ್ಟರು ಎಲ್ಲ ನೋಡಿ, ನಿದ್ದೆಯಿಲ್ಲ, ಊಟವಿಲ್ಲ, ರಕ್ತ ಕಡಿಮೆ, ಬೇರೇನೂ ಇಲ್ಲ ಎಂದರು. ಮತ್ತೆಂದೂ ಹಾಗಾಗಲಿಲ್ಲ.

ಮನೆಗೆ ಬಂದ ಮೇಲೆ ಹುಡುಗಿ ನನ್ನ ಸೆರಗು ಹಿಡಿದಳು. "ಅವ್ವಗ ಹೇಳಬ್ಯಾಡ ದೊಡ್ಡವ್ವ. ನೀ ಹೇಳಿದ್ರ ಕಾಲೇಜು ಬಿಡಸ್ತಾಳ."

ಗೆಳತಿ ಅವಳ ಹಣೆಯ ಮೇಲಿನ ಕೂದಲು ಸರಿಸಿದಳು. "ನಾನೂ ಹೇಳಂಗಿಲ್ಲವಾ. ನನ್ನ ಬಾಯಾಗ ಎಳ್ಳು ನೆನೆಯಂಗಿಲ್ಲಂತ ಓಣಿಯೆಲ್ಲ ಅಂತದ. ಇದೊಂದು ನೆನಸಿಡ್ತೀನಿ."

ಹುಡುಗಿ ಓದು ಮುಗಿಸಿ ಚಿಂಚೋಳಿಗೆ ಹೋದಳು, ಐನಾಪುರದ ಶಾಲೆಯಲ್ಲಿ ಪಾಠ ಹೇಳತೊಡಗಿದಳು. ಈ ವರ್ಷ ಸೇಡಂನಿಂದ ಸಂಬಂಧ ಬಂತು. ಔಷಧದ ಅಂಗಡಿ ಇಟ್ಟವರು. ಬಂದು ನೋಡಿದರು, ಒಪ್ಪಿದರು, ನಿಶ್ಚಯಕ್ಕೆ ದಿನ ನೋಡುವುದಷ್ಟೇ ಉಳಿದಿತ್ತು. ಮಾತು ಕಡಿಮೆ ಆಡುವ ಹುಡುಗಿ ತಾನಾಗಿ ನನಗೆ ಫೋನು ಮಾಡಿ, "ಚಲೋ ಇದ್ದಾನ ದೊಡ್ಡವ್ವ. ನೀ ಯಾವಾಗ ಬರ್ತಿ?" ಎಂದಳು. ಆ ಸಂತೋಷವನ್ನು ನಾನು ಮೊದಲು ಹೇಳಿದ್ದು ಗೆಳತಿಗೆ.

ಮುಂದಿನ ಶನಿವಾರ ಗೆಳತಿ ಸಂಘದಲ್ಲಿ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

"ಅಕ್ಕಾರ, ನಮ್ಮ ಗುರುತಿನವರು ಒಂದು ಹುಡುಗಿ ನೋಡ್ಯಾರ. ಯಾದಗಿರಿ ಕಡೀದು. ಆ ಹುಡುಗಿಗಿ ಏನೋ ಬ್ಯಾನಿ ಅದಂತ, ಇವರಿಗಿ ಗೊತ್ತಿಲ್ಲ. ಗೊತ್ತಿದ್ದೂ ಹೇಳಲಿಲ್ಲಂದ್ರ ಪಾಪ ನಮಗ ಹತ್ತತದ. ಜರಾ ಬರದು ಕೊಡ್ರಿ."

"ಒಬ್ಬ ಹುಡುಗಿಯ ಬಾಳಿನ ಮಾತು. ಖಾತ್ರಿ ಇದೆಯಾ?" ಎಂದು ಕೇಳಿದೆ.

"ಕಣ್ಣಿಲೆ ನೋಡಿದವರು ಹೇಳ್ಯಾರ್ರಿ."

ಆದಷ್ಟು ಮೆತ್ತಗೆ ಹೇಳಿದೆ. ನೀವು ನೋಡಿರುವ ಹುಡುಗಿ ಗುಣವಂತೆ. ಆದರೂ ಆರೋಗ್ಯದ ವಿಷಯವನ್ನು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹಿತೈಷಿಯಾಗಿ ತಿಳಿಸುತ್ತಿದ್ದೇನೆ, ಅನ್ಯಥಾ ಭಾವಿಸಬಾರದು. 'ಗುಣವಂತೆ' ಎಂದು ಸೇರಿಸಿದ್ದು ನಾನೇ. ಕಾಣದ ಆ ಹುಡುಗಿಗೆ ನನ್ನಿಂದ ಅಷ್ಟಾದರೂ ಸಿಗಲಿ ಎಂದು.

"ಅನ್ಯಥಾ ಅಂದ್ರ ಏನ್ರಿ?"

"ತಪ್ಪು ತಿಳಿಯಬೇಡಿ ಅಂತ."

"ಇರ್ಲಿ ಇರ್ಲಿ. ಭಾರಿ ಅದ." ಅರಿಶಿನ ಕೂತ ಉಗುರಿನಿಂದ ಅವಳು ಕಳಿಸುವ ಬಾಣದ ಗುರುತನ್ನು ಒತ್ತಿದಳು.

ಕೆಲವು ದಿನ ಕಳೆದು ತಂಗಿಯ ಫೋನು ಬಂತು. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ.

"ಅಕ್ಕಾ, ಸೇಡಂದವರು ಒಲ್ಲೆ ಅಂದಾರ. ಅವರಿಗಿ ಯಾರೋ ಒಂದು ಮೆಸೇಜ್ ಕಳಿಸ್ಯಾರಂತ. ಅದನ್ನ ನನಗ ಹಾಕ್ಯಾರ, ನಿನಗೂ ಕಳಿಸೀನಿ ನೋಡು. ಹುಡುಗಿಗಿ ನಿನ್ನ ಮನ್ಯಾಗ ಇದ್ದಾಗ ಏನರ ಆಗಿತ್ತೇನು?"

ತೆರೆದು ನೋಡಿದೆ. ಒಬ್ಬರಿಂದ ಒಬ್ಬರಿಗೆ ದಾಟಿ ಬಂದದ್ದೆಂದು ತೋರಿಸುವ ಸಣ್ಣ ಬಾಣ ಮೇಲೆ, ಕೆಳಗೆ ನನ್ನ ಮಾತು. ಗುಣವಂತೆ. ಹಿತೈಷಿ. ಬೆರಳಿನ ಹಸಿರು ಪರದೆಗೆ ಹತ್ತಿತು. ಒರೆಸಿ ಮತ್ತೆ ಓದಿದೆ.

"ಕೇಳಿದ್ರ ಇಕಿ ಅಳಾಕತ್ಯಾಳ," ಎಂದಳು ತಂಗಿ. "ಇದು ದೊಡ್ಡವ್ವನ ಮಾತು, ಹಿಂಗ ಬ್ಯಾರೆ ಯಾರೂ ಮಾತಾಡಲ್ಲ ಅಂತಾಳ. ನೀ ಬರದೀ ಏನಕ್ಕಾ?"

ನಾನೇ ಬಂದು ಹೇಳುತ್ತೇನೆ ಎಂದಷ್ಟೇ ಹೇಳಲು ಆಯಿತು. ಸಂಬಂಧ ಹೋದದ್ದು ನೋವೇ. ಅದಕ್ಕಿಂತ ದೊಡ್ಡ ನೋವೆಂದರೆ, ನನ್ನ ಸೆರಗು ಹಿಡಿದು ಬೇಡಿಕೊಂಡ ಹುಡುಗಿ, ಅದೇ ಮಾತನ್ನು ನಾನು ಬೀದಿಗೆ ಹಾಕಿದೆನೆಂದು ನಂಬಿ ಕೂತಿದ್ದುದು. ಆ ನಂಬಿಕೆಯನ್ನು ಕೀಳಬಲ್ಲವಳು ಒಬ್ಬಳೇ ಇದ್ದಳು.

ಶನಿವಾರ ಅವಳನ್ನು ಹುಡುಕಿ ಸಂಘಕ್ಕೆ ಹೋದೆ. ಅವಳು ಪೇಢಾ ಹಂಚುತ್ತಿದ್ದಳು. ಒಳಗೆ ಕಾಲಿಡುತ್ತಿದ್ದಂತೆ ನನ್ನ ಕೈಗೂ ಒಂದು ಇಟ್ಟಳು. ಹಿಂದಿನಿಂದ ಯಾರೋ, "ಅಣ್ಣನ ಮಗಳಿಗಿ ಚಲೋ ಮನಿ ಹಿಡದಿ ಬಿಡು. ಸೇಡಂದಾಗ ಔಷಧದ ಅಂಗಡಿ ಅಂದ್ರ ಸಣ್ಣ ಮಾತೇನು," ಎಂದರು. ಪೇಢಾದ ಮೇಲೆ ಹೆಬ್ಬೆರಳು ಒತ್ತಿದ ಗುರುತಿತ್ತು. ಅದನ್ನು ನೋಡುತ್ತ ನಿಂತೆ.

ಜಗುಲಿಗೆ ಕರೆದೆ. ಬಂದಳು.

"ನನಗೆ ಜಗಳ ಬೇಡ," ಎಂದೆ. "ನಿಮ್ಮ ಹುಡುಗಿಗೆ ಒಳ್ಳೆಯದಾಗಲಿ. ನನ್ನ ತಂಗಿಯ ಮಗಳಿಗೆ ಫೋನು ಹಚ್ಚಿಕೊಡುತ್ತೇನೆ, ಒಂದು ಮಾತು ಹೇಳು. ಬರೆಸಿದವಳು ನಾನು, ಯಾರ ಬಗ್ಗೆ ಅಂತ ನಿನ್ನ ದೊಡ್ಡವ್ವನಿಗೆ ಗೊತ್ತಿರಲಿಲ್ಲ ಅಂತ. ಅಷ್ಟೇ."

ಅವಳು ಪೇಢಾದ ಡಬ್ಬಿಯ ಮೇಲೆ ಸೆರಗು ಎಳೆದುಕೊಂಡಳು.

"ನಾ ಏನು ಬರದೀನ್ರಿ ಅಕ್ಕಾರ. ನನಗ ಆ ಕನ್ನಡ ಬರ್ತದೇನು? ಬರದವರು ನೀವು."

"ನೀನು ಯಾದಗಿರಿಯ ಹುಡುಗಿ ಅಂದೆ."

"ಅಂದಿರಬೇಕು. ಆದ್ರ ಅದರಾಗ ಸುಳ್ಳರ ಏನದ? ಹುಡುಗಿ ಬಿದ್ದದ್ದು ಖರೇ ಅಲಾ. ನಾ ಒಯ್ದೀನಲ್ರಿ ಆಟೋದಾಗ."

ಅದನ್ನು ಅವಳು ಉಪಕಾರ ನೆನಪಿಸುವ ದನಿಯಲ್ಲೇ ಹೇಳಿದಳು. ಒಳಗಿಂದ ಯಾರೋ, ಅಕ್ಕಾರ, ನನ್ನದೊಂದು ಬರದು ಕೊಟ್ಟು ಹೋಗ್ರಿ ಎಂದು ಕೂಗಿದರು. ಪೇಢಾವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮೆಟ್ಟಿಲಿಳಿದೆ. ಆಮೇಲೆ ಸಂಘಕ್ಕೆ ಹೋಗಿಲ್ಲ.

ಮರುದಿನ ಚಿಂಚೋಳಿಗೆ ಹೊರಟೆ. ಸೇಡಂನಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಕಿಟಕಿಯಿಂದ ಕಾಣುತ್ತಿದ್ದ ಔಷಧದ ಅಂಗಡಿಗಳಲ್ಲಿ ಅವರದು ಯಾವುದೋ, ನನಗೆ ಗೊತ್ತಿರಲಿಲ್ಲ. ಪ್ರತಿಯೊಂದನ್ನೂ ನೋಡಿದೆ. ಒಂದರಲ್ಲಿ ಹುಡುಗನೊಬ್ಬ ಗಾಜಿನ ಕಪಾಟು ಒರೆಸುತ್ತಿದ್ದ. ಅವನಾಗಿರಬಹುದು, ಆಗಿರಲಿಕ್ಕಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಜೋಡಿಸಿದ್ದೆಲ್ಲ ಆ ಮೆಸೇಜಿನ ಹಾಗೆಯೇ ಕೇಳಿಸಿತು, ನಯವಾಗಿ, ಯಾರೋ ಕಲಿಸಿಕೊಟ್ಟಂತೆ.

ಬಾಗಿಲು ತೆಗೆದವಳು ಹುಡುಗಿಯೇ. ತಂಗಿ ಒಳಗೆ ಒಲೆಯ ಮುಂದಿದ್ದಳು, ಹೊರಗೆ ಬರಲಿಲ್ಲ.

"ಬರ್ರಿ ದೊಡ್ಡವ್ವ. ಕುಂದ್ರಿ."

ಕುಳಿತು ಎಲ್ಲವನ್ನೂ ಹೇಳಿದೆ. ಮೈಕು, ಯಾದಗಿರಿ, ಪೇಢಾ, ಅವಳು ಜಗುಲಿಯಲ್ಲಿ ಆಡಿದ ಮಾತು. ಹುಡುಗಿ ಗೋಡೆಗೆ ಒರಗಿ ಕೇಳಿದಳು. ಓಲೆ ಹಾಕಿರಲಿಲ್ಲ. ಕಿವಿಯ ತೂತಿನಲ್ಲಿ ಸಣ್ಣ ಕಡ್ಡಿ ಇತ್ತು.

"ಆಕೀ ಫೋನ್ ಮಾಡಿ ಹೇಳ್ತಾಳೇನ್ರಿ?" ಎಂದು ಕೇಳಿದಳು.

"ಇಲ್ಲ. ಹೇಳುವುದಿಲ್ಲ ಅಂದಳು."

"ಹ್ಞೂಂ." ಕಿವಿಯ ಕಡ್ಡಿಯನ್ನು ತಿರುಗಿಸುತ್ತ, "ನೀವು ಹೇಳೋದು ಖರೇ ಇರಬೇಕ್ರಿ," ಎಂದಳು.

ಮಾತು ಕಲಿತಾಗಿನಿಂದ ನನ್ನನ್ನು 'ನೀ' ಎಂದವಳು. ಜ್ವರದಲ್ಲಿ, ಸಿಟ್ಟಿನಲ್ಲಿ, ಆ ದವಾಖಾನೆಯ ಮಂಚದ ಮೇಲೆ ಕೂಡ. ಈಗ ಮರ್ಯಾದೆಗೆ ಒಂದು ಕುಂದೂ ಇರಲಿಲ್ಲ. ನನ್ನನ್ನು ನೀ ಅನ್ನು ಎಂದು ಕೇಳೋಣವೆಂದು ಬಾಯಿ ತೆರೆದೆ. ಅದನ್ನು ಯಾವ ಕನ್ನಡದಲ್ಲಿ ಕೇಳಬೇಕೋ ತಿಳಿಯಲಿಲ್ಲ.

ಅವಳು ಚಹಾ ತಂದಳು. ನಾನು ಕುಡಿಯುವವರೆಗೂ ಎದುರಿಗೆ ನಿಂತಿದ್ದಳು, ಹೊಸ ಬೀಗರ ಮುಂದೆ ನಿಂತ ಹಾಗೆ.

"ಇನ್ನೊಂಚೂರು ಹಾಕ್ಲೇನ್ರಿ?"

ಸಾಕು ಎಂದೆ.